ಮೂರನೆಯ ಭಾಗದ ಹೆಣ್ಣುದನಿಗಳು

ಅದು ಮೂರನೆಯ ಭಾಗವೆಂದು ನಮಗೆ ಗೊತ್ತಿರಲಿಲ್ಲ. ಅದಕ್ಕೆ ಮೊದಲು ಎರಡು ಭಾಗಗಳಿವೆ ಎಂದೂ ಗೊತ್ತಿರಲಿಲ್ಲ. ಕೈಗೆ ಬಂದದ್ದು ಕೊನೆ ಮಾತ್ರ. ಅದನ್ನೇ ಇಡಿಯೆಂದು ತಿಳಿದು ವರ್ಷಗಟ್ಟಲೆ ಕೇಳಿದೆವು, ಎರಡು ತಾಲೂಕುಗಳ ಜನರಿಗೆ ಅವರು ಕೇಳದಿದ್ದರೂ ಕೇಳಿಸಿದೆವು.

ನಾವು ಅಂದರೆ ನಾನು ಮತ್ತು ಬಂಟ್ವಾಳ ಪೇಟೆಯಲ್ಲಿ ಮೈಕ್ ಸೆಟ್ಟಿನ ಅಂಗಡಿ ಇಟ್ಟಿದ್ದ ನನ್ನ ಸ್ನೇಹಿತ. ತೊಂಬತ್ತರ ದಶಕದ ಸುರುವಿನ ವರ್ಷಗಳು. ನಾನು ಮೂಡುಬಿದಿರೆಯ ಒಂದು ಶಾಲೆಯಲ್ಲಿ ಮಾಷ್ಟ್ರು; ಬಂಟ್ವಾಳದಿಂದ ಸಿದ್ದಕಟ್ಟೆಯಾಗಿ ಹೋಗುವ ಬಸ್ಸಿನಲ್ಲಿ ದಿನಾ ಓಡಾಡುತ್ತಿದ್ದೆ. ರಜೆ ಸಿಕ್ಕಾಗ ಕತೆಯಿಲ್ಲದ ನಾಟಕಗಳನ್ನು ಆಡಿಸುತ್ತಿದ್ದೆ. ಅಂಥ ಒಂದು ನಾಟಕಕ್ಕೆ ಮೈಕ್ ಕೇಳಲು ಹೋದವನು ಅವನ ಅಂಗಡಿಯ ಹೊಸ್ತಿಲಲ್ಲೇ ನಿಂತುಬಿಟ್ಟೆ. ಒಳಗೆ ಟೇಪೊಂದು ಓಡುತ್ತಿತ್ತು.

ಪಿಯಾನೋದಲ್ಲಿ ಒಂದೇ ಸ್ವರಗುಚ್ಛವನ್ನು ಯಾರೋ ಮತ್ತೆ ಮತ್ತೆ ಕುಟ್ಟುತ್ತಿದ್ದರು. ಅದರಡಿಯಲ್ಲಿ ಬಾಸ್ ಗಿಟಾರು, ತುಂಬಿದ ಲಾರಿಯೊಂದು ಚಡಾವು ಹತ್ತುವ ಹಾಗೆ. ಆಮೇಲೆ ಡ್ರಮ್ಮು. ಆಮೇಲೆ ಗಂಡಸರ ಗುಂಪು, ಹಾಡುವುದಕ್ಕಿಂತ ಹೆಚ್ಚಾಗಿ ನಡೆಯುತ್ತಿರುವವರ ಹಾಗೆ. ಅವರ ತಲೆಯ ಮೇಲಿನಿಂದ, ತುಂಬ ಮೇಲಿನಿಂದ, ಹೆಂಗಸರು. ಯಾವ ಭಾಷೆ ಎಂದು ತಿಳಿಯಲಿಲ್ಲ. ಏನೋ ಆಗಲಿದೆ, ತಡೆಯುವವರು ಯಾರೂ ಇಲ್ಲ ಎಂಬುದು ಮಾತ್ರ ತಿಳಿಯಿತು.

"ಎಂತ ಇದು?" ಎಂದೆ.

"ಯಾರಿಗೆ ಗೊತ್ತು ಮಾರಾಯ. ಆದ್ರೆ ಸ್ಪೀಕರಿನ ಹೊಟ್ಟೆಯಲ್ಲಿ ಎಂತ ಕಾಯಿಲೆ ಉಂಟು ಅಂತ ಇದು ಹೊರಗೆ ಎಳೆದು ತೋರಿಸ್ತದೆ. ನಿನಗೆ ಎಂತ ಬೇಕು?"

"ನಾಟಕಕ್ಕೆ ಮೈಕ್."

"ಮಾತು ಎಷ್ಟು ಉಂಟು ನಾಟಕದಲ್ಲಿ?"

"ಮಾತು ಇಲ್ಲ."

"ಮತ್ತೆ ಮೈಕ್ ಎಂತಕ್ಕೆ? ಎರಡು ಟ್ಯೂಬ್‌ಲೈಟ್ ಕೊಂಡುಹೋಗು, ಸಾಕು."

ಹೀಗೆ ಸ್ನೇಹವಾಯಿತು. ಅಥವಾ ಹೀಗಾಯಿತೆಂದು ನಾವಿಬ್ಬರೂ ಆಮೇಲೆ ಒಪ್ಪಿಕೊಂಡೆವು. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ, ಅವನ ಮನೆಯೊಳಗಿನ ಮಾತು ಕರಾವಳಿಯ ಮುಸಲ್ಮಾನರ ಬ್ಯಾರಿಯಲ್ಲಿ. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಾತಿನ ಅಂಚುಗಳು ಎಲ್ಲೆಲ್ಲಿ ಸವೆದಿವೆ ಎಂದು ನಾನೇ ಹೇಳಲಾರೆ.

ಕ್ಯಾಸೆಟ್ ತಂದವನು ಅವನ ಹೆಂಡತಿಯ ಅಣ್ಣ, ಅವನು ಭಾವ ಎಂದು ಕರೆಯುತ್ತಿದ್ದವನು. ಗಲ್ಫಿನಲ್ಲಿ ಒಬ್ಬ ಫ್ರೆಂಚ್ ಇಂಜಿನಿಯರನ ಕಾರು ಓಡಿಸುತ್ತಿದ್ದ. ಇಂಜಿನಿಯರ್ ಊರಿಗೆ ಹೊರಟಾಗ ಬಿಟ್ಟುಹೋದ ಒಂದು ಡಬ್ಬಿ ಕ್ಯಾಸೆಟ್ಟುಗಳನ್ನು ಈ ಭಾವ ರಜೆಯಲ್ಲಿ ಹೊತ್ತುತಂದ. ಕೇಳಲಿಕ್ಕಲ್ಲ, ಅಳಿಸಿ ಮದುವೆಯ ಪದಗಳನ್ನು ತುಂಬಿಸಲಿಕ್ಕೆ. ಆಗ ಗಲ್ಫಿನ ಸಾಮಾನಿಗೆ ಅಷ್ಟೇ ಅರ್ಥ: ಒಳಗಿನದು ಏನೇ ಇರಲಿ, ಟೇಪು ಒಳ್ಳೆಯದು. ಒಂದೊಂದಾಗಿ ಎಲ್ಲವೂ ಅಳಿದವು. ಇದೊಂದು ಉಳಿದದ್ದು, ಅಳಿಸುವ ಮೊದಲು ನನ್ನ ಸ್ನೇಹಿತ ಒಮ್ಮೆ ಹಾಕಿ ನೋಡಿದ್ದರಿಂದ.

ನಮ್ಮ ಕಡೆಯ ಮೈಕಿನವರಿಗೆ ಒಂದು ಪದ್ಧತಿ ಇತ್ತು. ಕಾರ್ಯಕ್ರಮದ ಅಂಗಳಕ್ಕೆ ಎಲ್ಲರಿಗಿಂತ ಮೊದಲು ಬಂದು, ತೆಂಗಿನಮರಕ್ಕೆ ಕಹಳೆಯಂಥ ಹಾರ್ನ್ ಕಟ್ಟಿ, ನೆಲದಲ್ಲಿ ಸ್ಪೀಕರಿನ ಬಾಕ್ಸ್ ನಿಲ್ಲಿಸಿ, "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಎಂದು ಊರಿಗೆಲ್ಲ ಕೂಗಿ, ಆಮೇಲೆ ದೇವರ ಪದ ಹಾಕುವುದು. ಮನೆಯವರ ದೇವರು ಯಾರೋ, ಆ ದೇವರದು. ನನ್ನ ಸ್ನೇಹಿತ ಹಲೋ ಅನ್ನುತ್ತಿರಲಿಲ್ಲ. ಈ ಟೇಪು ಹಾಕುತ್ತಿದ್ದ. ಹಾಕಿ ಅಂಗಳದ ಕೊನೆಗೆ, ಬಾಳೆಗಿಡಗಳ ಆಚೆಗೆ ನಡೆದುಹೋಗಿ, ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಅಷ್ಟು ದೂರಕ್ಕೆ ಹೆಂಗಸರ ದನಿ ಸರಿಯಾಗಿ ಬಂದರೆ ಯಾರ ಮಾತಾದರೂ ಬರುತ್ತದೆ ಎಂಬುದು ಅವನ ಲೆಕ್ಕ. ಹಿಂದೆ ಬಂದು, ತೆಳು ದನಿಯನ್ನು ಏರಿಸಿ ಇಳಿಸುವ ಟ್ರೆಬಲ್ಲಿನ ಗುಬ್ಬಿಯನ್ನು ಒಂದು ಕೂದಲಿನಷ್ಟು ತಿರುಗಿಸುತ್ತಿದ್ದ. ಆಮೇಲೆ ಕಾರ್ಯಕ್ರಮ ಮುಗಿಯುವವರೆಗೂ ಆ ಗುಬ್ಬಿಯನ್ನು ಯಾರೂ ಮುಟ್ಟಬಾರದು. ಟೇಪು ಹೇಳಿದ್ದೇ ಅಳತೆ.

ಹೀಗೆ ನೆರಿಯದ ಕಾಡಂಚಿನ ಮನೆಗಳಲ್ಲಿ, ಕೊಕ್ಕಡದ ರಬ್ಬರು ತೋಟಗಳ ನಡುವೆ, ಬೆಳ್ತಂಗಡಿಯ ಉರೂಸಿನಲ್ಲಿ, ಶಿರ್ತಾಡಿಯ ಮದುವೆಗಳಲ್ಲಿ ಆ ಫ್ರೆಂಚರು ಕಾಣದ ಯಾವುದೋ ಕಡೆಗೆ ನಡೆಯುತ್ತಲೇ ಇದ್ದರು. ಬೈಗುಳ ಬೇಕಾದಷ್ಟು ಬಂತು.

"ಬ್ಯಾರಿಗಳೇ, ಮದುಮಗಳು ಬರುವ ಹೊತ್ತು. ಇದೆಂತ ಹೆಣ ಹೊರುವ ಪದ?"

"ಇದು ನಿಮಗಲ್ಲ ಯಜಮಾನ್ರೇ, ಬಾಕ್ಸಿಗೆ ಮದ್ದು."

"ಬಾಕ್ಸಿಗೆ ಮದ್ದು ಕೊಟ್ಟು ನಮಗೆ ಕಾಯಿಲೆ ತರಿಸ್ತೀರಲ್ಲ ಮಾರಾಯ್ರೇ."

ಅದು ಮೂರನೆಯ ಭಾಗವೆಂದು ಹೇಳಿದವಳು ಒಬ್ಬ ಫ್ರೆಂಚ್ ಪ್ರವಾಸಿ ಹೆಂಗಸು. ಮೂಡುಬಿದಿರೆಯ ಬಸದಿ ನೋಡಲು ಬಂದವಳು. ನನ್ನ ಶಾಲೆಯ ವಾರ್ಷಿಕೋತ್ಸವಕ್ಕೆ ಅವನು ಬಾಕ್ಸ್ ಜೋಡಿಸಿ ಟೇಪು ಹಾಕಿದ್ದ. ಬೀದಿಯಲ್ಲಿ ಹೋಗುತ್ತಿದ್ದ ಆಕೆ ಕೊರಳಿನ ಕ್ಯಾಮೆರಾವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಮೈದಾನದೊಳಗೆ ಓಡಿಬಂದಳು. ಮುಖ ಬಿಳಿಚಿಕೊಂಡಿತ್ತು. ತನ್ನ ಊರಿನ ಸತ್ತವರು ಯಾರೋ ಇಲ್ಲಿ ಚಾ ಕುಡಿಯುತ್ತ ಕೂತದ್ದನ್ನು ಕಂಡವಳ ಹಾಗೆ. ಇದು ನನಗೆ ಈಗ ಹೊಳೆದ ಹೋಲಿಕೆ. ಆಗ ಅವಳಿಗೆ ಬಿಸಿಲು ಹೊಡೆದಿದೆ ಎಂದುಕೊಂಡು ನೀರು ತರಿಸಿದೆ.

ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಸೇರಿ ತಯಾರಾದ ಕತೆ ಇದು. ಪ್ರೋಗ್ರೆಸಿವ್ ರಾಕ್ ಎಂಬ ಬಗೆಯದು. ಅವಳ ಅಣ್ಣಂದಿರ ಕಾಲದ ತಂಡ. ಮೂರು ಆಲ್ಬಮ್ಮುಗಳಲ್ಲಿ ಒಂದೇ ಕತೆ. ಮೊದಲನೆಯದರಲ್ಲಿ ಹೊಳೆಯ ದಂಡೆಯ ಒಂದು ಊರಿಗೆ ನೀರು ಬರುತ್ತದೆ ಎಂಬ ಎಚ್ಚರಿಕೆ ಬರುತ್ತದೆ. ಎರಡನೆಯದರಲ್ಲಿ ಜನ ಬೆಟ್ಟ ಹತ್ತುತ್ತಾರೆ. ಇದು ಮೂರನೆಯದು, ಕೊನೆಯದು: ನೀರು ಬರುತ್ತದೆ. ನಡೆಯುತ್ತಿರುವ ಗಂಡಸರು ಬೆಟ್ಟ ಹತ್ತಿದವರು. ಹೆಂಗಸರು ಕೆಳಗೆ ಊರಿನಲ್ಲೇ ಉಳಿದವರು. ಆಲ್ಬಮ್ಮು ಮುಗಿಯುವಾಗ ಗಂಡಸರು ಸುಮ್ಮನಾಗುತ್ತಾರೆ, ವಾದ್ಯಗಳು ನಿಲ್ಲುತ್ತವೆ, ಹೆಂಗಸರ ದನಿ ಮಾತ್ರ ಬಹಳ ಹೊತ್ತು ಇರುತ್ತದೆ. ಆಮೇಲೆ ಅದೂ ಇಲ್ಲ.

ನಾನು ತುಳುವಿಗೆ ತಂದು ಹೇಳಿದೆ. ಅವನು ವೈರು ಸುತ್ತುವುದನ್ನು ಬಿಟ್ಟು ಕೇಳಿದ.

"ಹೆಂಗಸರು ಯಾಕೆ ಕೆಳಗೆ ಉಳಿದರು? ಕೇಳು."

ಕೇಳಿದೆ. ಅವಳು ಭುಜ ಕುಣಿಸಿ ನಕ್ಕಳು. ಅದು ಎರಡನೆಯ ಭಾಗದಲ್ಲಿದೆ, ಎಂದಳು.

ಆ ಕೊನೆಯ ಹೆಣ್ಣುದನಿಯ ಭಾಗವನ್ನು ನಾನು ವಿವರಿಸಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಮೂರೋ ನಾಲ್ಕೋ ಹೆಂಗಸರು. ಹಾಡಿನಲ್ಲಿ ಮಾತಿಲ್ಲ. ತೀರ ಎತ್ತರದ ಸಪೂರ ದನಿಗಳು ಒಂದರ ಮೇಲೊಂದು ಹತ್ತುತ್ತವೆ; ಒಂದು ಉಸಿರು ತೆಗೆದುಕೊಳ್ಳುವಾಗ ಇನ್ನೊಂದು ಹಿಡಿದಿರುತ್ತದೆ, ಆದ್ದರಿಂದ ಸದ್ದು ಎಲ್ಲೂ ಕಡಿಯುವುದಿಲ್ಲ. ಬಂಟ್ವಾಳದಲ್ಲಿ ಹುಟ್ಟಿದವರಿಗೆ ನೀರು ಬರುವುದೆಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ದೊಡ್ಡ ನೆರೆಯ ಗುರುತು ಅವನ ಅಂಗಡಿಯ ಗೋಡೆಯಲ್ಲಿ, ನಮ್ಮ ತಲೆಗಿಂತ ಮೇಲೆ, ಸುಣ್ಣ ಬಳಿದರೂ ಹಳದಿಯಾಗಿ ಕಾಣುತ್ತಿತ್ತು.

ಅವನ ಹೆಂಡತಿಗೆ ಕತೆ ಹೇಳಿದಾಗ ಅವಳು ಮೀನು ಕೊಯ್ಯುತ್ತಿದ್ದಳು. ತಲೆ ಎತ್ತದೆ, "ಯಾಕೆ ಉಳಿದ್ರು ಅಂತ ಕೇಳ್ತೀರಾ ಮಾಷ್ಟ್ರೇ? ಒಲೆಯ ಮೇಲೆ ಅನ್ನ ಇತ್ತು ಕಾಣ್ತದೆ," ಎಂದಳು.

ಅವನಿಗೆ ಆ ಉತ್ತರ ಸಾಲಲಿಲ್ಲ. ಮೊದಲೆರಡು ಭಾಗಗಳನ್ನು ಹುಡುಕಿಸಬೇಕೆಂದು ಗಲ್ಫಿನ ಭಾವನಿಗೆ ಹೇಳಿಕಳಿಸಿದ. ಭಾವ ಹೂಂ ಎಂದ, ಮರೆತ. ರಜೆಗೆ ಬಂದಾಗ ಬೈಸಿಕೊಂಡ, ಮತ್ತೆ ಹೂಂ ಎಂದ.

ಮೊದಲ ಬದಲಾವಣೆ ಯಾವಾಗ ಆಯಿತೆಂದು ಹೇಳುವುದು ಕಷ್ಟ. ನೆನಪು ಇಂಥ ಕಡೆ ಒಂದು ದಿನವನ್ನು ಆರಿಸಿ ಅದಕ್ಕೆ ಬೆಳಕು ಬಿಡುತ್ತದೆ. ಆ ದಿನವನ್ನು ನಾನು ನಂಬುವುದಿಲ್ಲ. ಅವನು ಟೇಪನ್ನು ಬೇಗ ನಿಲ್ಲಿಸತೊಡಗಿದ್ದ ಎಂಬುದಷ್ಟೇ ಖಾತ್ರಿ. ಗಂಡಸರು ಸುಮ್ಮನಾಗಿ, ವಾದ್ಯ ನಿಂತು, ಹೆಂಗಸರು ಇನ್ನೂ ಹಾಡುತ್ತಿರುವಾಗ ಅವನ ಬೆರಳು ಗುಂಡಿಯ ಮೇಲೆ ಬೀಳುತ್ತಿತ್ತು.

"ಇನ್ನೂ ಉಂಟಲ್ಲ," ಎಂದೆ ಒಂದು ಸಲ.

"ಎಂತ ಉಂಟು? ಅಳಿಸಿ ಹೋಗಿದೆ. ಟೇಪು ಸವೆಯಿತು ಮಾರಾಯ."

"ನನಗೆ ಕೇಳ್ತದೆ."

"ನಿನಗೆ ಕೇಳುವುದಲ್ಲ, ನೆನಪಾಗುವುದು. ಇಷ್ಟು ವರ್ಷ ಕೇಳಿದ್ದಕ್ಕೆ ಈಗ ನಿನ್ನ ತಲೆಯೇ ಹಾಡ್ತದೆ. ಟೇಪಿನಲ್ಲಿ ಮೊದಲು ಸವೆಯುವುದೇ ಸಪೂರ ದನಿ. ದಪ್ಪ ದನಿ ಕೊನೆಯವರೆಗೂ ನಿಲ್ತದೆ. ಯಾವ ಮೈಕಿನವನನ್ನಾದರೂ ಕೇಳು."

ಬೇರೆ ಯಾರಾದರೂ ನಕ್ಕು ಬಿಡುತ್ತಿದ್ದರೇನೋ. ನಾನು ನಂಬಿದೆ. ಕಂಡದ್ದಕ್ಕಿಂತ ನೆನೆದದ್ದನ್ನೇ ನಾವು ಕಾಣುತ್ತೇವೆ ಎಂದು ಹೇಳಲು ನಾಟಕಗಳನ್ನು ಆಡಿಸುತ್ತಿದ್ದವನು ನಾನು. ಟೇಪಿನ ಬಗ್ಗೆ ಅವನು ಹೇಳಿದ್ದು ನಿಜವೂ ಆಗಿತ್ತು. ಆಮೇಲಿನ ದಿನಗಳಲ್ಲಿ ಆ ಕೊನೆಯ ಭಾಗ ಬಂದಾಗ ನನ್ನ ಕಿವಿಯಲ್ಲಿರುವುದು ಹೊರಗಿನದೋ ಒಳಗಿನದೋ ಎಂದು ಪರೀಕ್ಷಿಸುತ್ತ ಕೂರುತ್ತಿದ್ದೆ. ತೀರ್ಮಾನಿಸಲಾಗುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಯಾವ ಸದ್ದಿನ ಮೇಲೂ ಭರವಸೆ ಇಲ್ಲದಾಯಿತು. ಬಸ್ಸಿನ ಹಾರ್ನ್ ಕೇಳಿದರೂ ಒಮ್ಮೆ ತಿರುಗಿ ನೋಡಿ ಬಸ್ಸಿದೆಯೇ ಎಂದು ಖಚಿತ ಮಾಡಿಕೊಳ್ಳುತ್ತಿದ್ದೆ.

ಅವನು ಮಾಡಬೇಕಾದ್ದನ್ನೆಲ್ಲ ಮಾಡಿದ. ಟೇಪ್ ಡೆಕ್ಕಿನೊಳಗೆ ಟೇಪನ್ನು ಓದುವ ಹೆಡ್ಡನ್ನು ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದ. ಅದರ ಪಕ್ಕದ ಸಣ್ಣ ತಿರುಪನ್ನು ಆಚೆ ಈಚೆ ತಿರುಗಿಸಿದ. ಹೊಸ ಹೆಡ್ ಹಾಕಿಸಿದ. ಹೆಂಗಸರು ಹಿಂದೆ ಬರಲಿಲ್ಲ. ಆಗ ಉಳಿದದ್ದು ಒಂದೇ ದಾರಿ: ಟ್ರೆಬಲ್ ಏರಿಸುವುದು. ಬಾಳೆಗಿಡಗಳ ಆಚೆ ನಿಂತಾಗ ಹೆಂಗಸರ ದನಿ ಮೊದಲಿನ ಹಾಗೆ ಬರುವವರೆಗೆ ಅವನು ಗುಬ್ಬಿಯನ್ನು ತಿರುಗಿಸಿದ. ಬಂದ ಮೇಲೆ, ಪದ್ಧತಿಯಂತೆ, ಗುಬ್ಬಿಯನ್ನು ಅಲ್ಲೇ ಬಿಟ್ಟು ಟೇಪು ತೆಗೆದು ಕಾರ್ಯಕ್ರಮಕ್ಕೆ ಕೊಟ್ಟ. ಕೂದಲಿನಷ್ಟು ತಿರುಗುತ್ತಿದ್ದ ಗುಬ್ಬಿ ಬೆರಳಿನಷ್ಟು ತಿರುಗಿತು. ಒಂದು ಮಳೆಗಾಲ ಕಳೆದ ಮೇಲೆ ಇನ್ನಷ್ಟು.

ದೂರುಗಳ ರೀತಿ ಬದಲಾಯಿತು. ಮೊದಲು ಟೇಪನ್ನು ಬೈಯುತ್ತಿದ್ದರು, ಈಗ ಮೈಕನ್ನು.

ನೆರಿಯದಿಂದ ಬಂದ ಒಬ್ಬರು ಅಂಗಡಿಯ ಬೆಂಚಿನಲ್ಲಿ ಕೂತು ಹೇಳಿದರು: "ನಿಮ್ಮ ಮೈಕ್ ಕೂಗಿದ್ದಕ್ಕೆ ನಮ್ಮ ನಾಯಿ ಕಾಡಿಗೆ ಓಡಿದ್ದು ಬ್ಯಾರಿಗಳೇ, ಇನ್ನೂ ಬರ್ಲಿಲ್ಲ. ಚಿರತೆ ಹಿಡಿದಿದ್ದರೆ ನಾಯಿಯ ಬಾಬ್ತು ನೀವು ನೋಡ್ಬೇಕು."

ಬಯಲಾಟದ ಭಾಗವತರು ಬೆಳಗ್ಗೆ ಹೊರಡುವಾಗ ಅವನ ಜೀಪಿನ ಹತ್ತಿರ ಬಂದು, "ನನ್ನ ಸ್ವರಕ್ಕೆ ಮುಳ್ಳು ಹಚ್ಚಿದ್ದು ನೀನಾ ಮಾರಾಯ?" ಎಂದು ಕೇಳಿದರಂತೆ. ಅವರು ನಗುತ್ತ ಕೇಳಿದರು ಎಂದು ಅವನು ಹೇಳಿದ. ನಗುತ್ತಿರಲಿಲ್ಲ ಎಂದು ಅಲ್ಲಿದ್ದ ಇನ್ನೊಬ್ಬರು ಹೇಳಿದರು.

ಬೆಳ್ತಂಗಡಿಯಲ್ಲಿ ಹೊಸತಾಗಿ ಒಬ್ಬ ಮೈಕಿನವನು ಹುಟ್ಟಿಕೊಂಡಿದ್ದ. ಸಾಲುಸಾಲು ಕೆಂಪು ದೀಪ ಕುಣಿಯುವ ಈಕ್ವಲೈಸರ್ ಇಟ್ಟುಕೊಂಡವನು. ಇದೆಲ್ಲ ಅವನು ಹಬ್ಬಿಸುವ ಸುದ್ದಿ ಎಂದು ನನ್ನ ಸ್ನೇಹಿತ ತಿಳಿದ. "ದೀಪ ತೋರಿಸಿ ಮೈಕ್ ನಡೆಸುವವನಿಗೆ ಕಿವಿ ಎಂತಕ್ಕೆ?" ಎಂದ. ನಾನೂ ಹೌದೆಂದೆ. ಆದರೆ ಕೊಕ್ಕಡದ ಒಂದು ಗೃಹಪ್ರವೇಶದಲ್ಲಿ ನಾನು ಕಂಡದ್ದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸ್ವಾಗತ ಮಾಡುವವರು ಮೈಕ್ ಹಿಡಿದು ಬಾಕ್ಸಿನ ಎದುರಿಗೆ ಬಂದರು. ಕುಂಯ್ ಎಂದು ಅದು ಕೂಗಿತು, ಬಿಸಿ ಕಂಬಿ ಕಿವಿಯೊಳಗೆ ಹೋದ ಹಾಗೆ. ಅಂಗಳದಲ್ಲಿದ್ದವರೆಲ್ಲ ಕಿವಿ ಮುಚ್ಚಿಕೊಂಡರು. ಒಂದು ಮಗು ಕಿರುಚಿತು. ನನ್ನ ಸ್ನೇಹಿತ ಆಂಪ್ಲಿಫೈಯರಿನ ಪಕ್ಕದಲ್ಲಿ ಬಾಕ್ಸಿನ ಮೇಲೆ ಅಂಗೈ ಊರಿ ನಿಂತಿದ್ದ. ನೂರು ಜನ ಒಮ್ಮೆಗೇ ಕಿವಿಗೆ ಕೈ ಯಾಕೆ ಕೊಟ್ಟರು ಎಂದು ಆಶ್ಚರ್ಯದಿಂದ ಸುತ್ತ ನೋಡಿದ. ಆಮೇಲೆ ನನ್ನತ್ತ ನೋಡಿ ಮುಗುಳ್ನಕ್ಕ.

ಅವನು ಬಾಳೆಗಿಡಗಳ ಆಚೆ ನಡೆದುಹೋಗುವುದನ್ನು ಬಿಟ್ಟು ಎಷ್ಟು ಕಾಲವಾಗಿತ್ತೋ. ಈಗ ಅಂಗೈಯಿಂದ ಕೇಳುತ್ತಿದ್ದ.

ಅವನ ಹೆಂಡತಿಗೆ ಮೊದಲೇ ತಿಳಿದಿತ್ತು. ಒಂದು ಸಂಜೆ ಅವನನ್ನು ಕಾಯುತ್ತ ಮನೆಯ ಜಗಲಿಯಲ್ಲಿ ಕೂತಿದ್ದೆ. ಚಾ ತಂದುಕೊಟ್ಟು ಮಾತಾಡಿಸಿದಳು. ದನಿ ಗಂಡಸಿನ ಹಾಗೆ ಒರಟಾಗಿತ್ತು.

"ಶೀತವಾ?" ಎಂದೆ.

"ನೆರೆಮನೆಯವರೂ ಹಾಗೇ ಕೇಳ್ತಾರೆ. ಶೀತ ಅಲ್ಲ ಮಾಷ್ಟ್ರೇ. ಹೀಗೆ ಹೊಟ್ಟೆಯಿಂದ ಮಾತಾಡಿದ್ರೆ ಮಾತ್ರ ಅವರಿಗೆ ಕೇಳುವುದು." ಅವಳು ತನ್ನ ನಿಜವಾದ ದನಿಗೆ ಬಂದಳು, ತೆಳುವಾದ, ಚುರುಕಾದ ದನಿ. "ಹೀಗೆ ಕರೆದರೆ ತಿರುಗುವುದೂ ಇಲ್ಲ. ನನ್ನ ಅಣ್ಣ ಕರೆದರೆ ಕೇಳ್ತದೆ, ಲಾರಿ ಬಂದರೆ ಕೇಳ್ತದೆ, ನಿಮ್ಮ ಮಾತು ಕೇಳ್ತದೆ. ಕುಕ್ಕರು ಕೇಳುವುದಿಲ್ಲ. ಮಗಳ ಮಾತು ಅರ್ಧ ಕೇಳ್ತದೆ. ಅವಳು ಮಾತಾಡುವುದನ್ನೇ ಕಡಿಮೆ ಮಾಡಿದ್ದಾಳೆ."

"ಹೇಳಲಿಲ್ವಾ ಅವನಿಗೆ?"

"ಹೇಳಿದೆ. ಮೆಲ್ಲಗೆ ಮಾತಾಡ್ತೀ ನೀನು ಅಂತಾರೆ. ನಾನು! ಮದುವೆಯಾಗಿ ಬಂದಾಗ ಇವರ ತಾಯಿ ನನಗೆ ಇಟ್ಟ ಹೆಸರೇ ಸೈರನ್."

ನಾನು ನಗಬೇಕೆಂದು ಅವಳು ಹೇಳಿದ್ದು. ನಕ್ಕೆ. ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು. ಅವನ ಕೆಲಸ ಏನೆಂದು ಇಬ್ಬರಿಗೂ ಗೊತ್ತಿತ್ತು. ಕಿವಿ ಇಲ್ಲದ ಮೈಕಿನವನು ಎಂದು ಒಂದು ಸಲ ಸುದ್ದಿಯಾದರೆ ಮುಗಿಯಿತು. ಆಮೇಲೆ ಬಾಳೆಎಲೆ ಹಾಸಲಿಕ್ಕೂ ಕರೆಯುವುದಿಲ್ಲ. ಅವನಿಗೆ ಬೇರೆ ಕಸುಬು ಬರುತ್ತಿರಲಿಲ್ಲ. ಬರುತ್ತಿದ್ದರೂ ಅವನು ಇದನ್ನು ಬಿಡುವವನಲ್ಲ ಎಂಬುದು ಅದಕ್ಕಿಂತ ದೊಡ್ಡ ಸಂಗತಿ.

ಸಿಡಿ ಬಂದದ್ದು ಹೊಸ ಶತಮಾನದ ಸುರುವಿನಲ್ಲಿ, ಒಂದು ಶುಕ್ರವಾರ, ಜುಮಾ ನಮಾಜು ಮುಗಿದ ಮೇಲೆ. ಭಾವ ಕೊನೆಗೂ ಮಾತು ಉಳಿಸಿಕೊಂಡಿದ್ದ. ತಾನು ಅಲ್ಲಿನ ಒಂದು ದೊಡ್ಡ ಅಂಗಡಿಗೆ ಹೋಗಿ, ಫ್ರೆಂಚ್ ಬಾರದಿದ್ದರಿಂದ ಹಳೆಯ ಕ್ಯಾಸೆಟ್ಟಿನ ಹೊದಿಕೆಯನ್ನೇ ತೋರಿಸಿ ಹುಡುಕಿಸಿದೆ ಎಂದು ಹೆಮ್ಮೆಯಿಂದ ಹೇಳಿದ. ಆದ್ದರಿಂದಲೇ ಸಿಕ್ಕಿದ್ದು ಅದೇ: ಮೂರನೆಯ ಭಾಗ, ಮತ್ತೆ. ಮೊದಲನೆಯದೂ ಅಲ್ಲ, ಎರಡನೆಯದೂ ಅಲ್ಲ.

"ಥೂ ನಿನ್ನ! ಕತ್ತೆಗೆ ದಾರಿ ಹೇಳಿದ ಹಾಗಾಯ್ತು," ಎಂದ ನನ್ನ ಸ್ನೇಹಿತ. ಆದರೆ ಮುಖ ಬೆಳಗಿತ್ತು. "ಆಗ್ಲಿ. ಇದು ಸಿಡಿ. ಇದು ಸವೆಯುವ ಜಾತಿಯಲ್ಲ. ಈಗ ನೋಡು ಮಾಷ್ಟ್ರೇ, ಹೆಂಗಸರು ಹೇಗೆ ಬರ್ತಾರೆ!"

ಭಾವನೇ ತಂದಿದ್ದ ಪ್ಲೇಯರಿನಲ್ಲಿ ಹಾಕಿದೆವು. ಮನೆಯ ಚಾವಡಿ. ನಾವು ಮೂವರು ಕುರ್ಚಿಗಳಲ್ಲಿ, ಅವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ. ಪಿಯಾನೋ ಬಂತು. ಲಾರಿಯಂಥ ಬಾಸ್ ಬಂತು. ಗಂಡಸರು ಬಂದರು, ಅವರ ಹೆಜ್ಜೆಗಳ ನಡುವೆ ಉಸಿರೂ ಕೇಳುತ್ತಿತ್ತು, ಕ್ಯಾಸೆಟ್ಟಿನಲ್ಲಿ ಎಂದೂ ಕೇಳದ್ದು. ಅವನು ಮುಂದಕ್ಕೆ ಬಾಗಿ ಕೂತಿದ್ದ. ಮೇಲಿನಿಂದ ಹೆಂಗಸರು ಬರುವ ಜಾಗದಲ್ಲಿ ಅವನ ಹುಬ್ಬು ಒಮ್ಮೆ ಎದ್ದಿತು, ಕೆಳಗಿಳಿಯಿತು. ಮುಂದೆ ಬರುತ್ತಾರೆ ಎಂಬಂತೆ ಕೈ ಮಾಡಿದ. ಗಂಡಸರು ಬೆಟ್ಟ ಹತ್ತಿ ಮುಗಿಸಿದರು. ವಾದ್ಯಗಳು ಒಂದೊಂದಾಗಿ ನಿಂತವು.

ಆಮೇಲೆ ಹೆಂಗಸರು. ಸವೆಯದ, ಧೂಳು ಕೂರದ ದನಿಗಳು, ಕಬ್ಬಿಣದ ಮೇಲೆ ಕಬ್ಬಿಣ ಎಳೆದ ಹಾಗೆ ಚೂಪಾಗಿ, ಆ ಸಣ್ಣ ಚಾವಡಿಯಲ್ಲಿ. ನನ್ನ ತಲೆಯೊಳಗಿನ ಹಾಡು ಅದಾಗಿರಲು ಸಾಧ್ಯವಿರಲಿಲ್ಲ. ಇಷ್ಟು ವರ್ಷ ನಾನು ಕೇಳಿದ್ದು ಹೊರಗಿನದೇ.

ಅವನು ಕಾಯುತ್ತಿದ್ದ. ಮುಖದಲ್ಲಿ ಮದುವೆಯ ದಿಬ್ಬಣಕ್ಕೆ ದಾರಿ ನೋಡುವವರ ತಾಳ್ಮೆ.

ಭಾವ ಎರಡೂ ಕಿವಿ ಮುಚ್ಚಿಕೊಂಡ. "ಯಾ ಅಲ್ಲಾ! ಎಂತ ಕಿರುಚುವುದು ಮಾರಾಯ ಈ ಹೆಂಗಸರು! ನಿಲ್ಲಿಸು ಭಾವ, ತಲೆ ಒಡೀತದೆ!"

ನನ್ನ ಸ್ನೇಹಿತ ಅವನ ಕಡೆ ತಿರುಗಿದ. "ಯಾವ ಹೆಂಗಸರು?"

ಪ್ಲೇಯರಿನ ಸಣ್ಣ ಕಿಟಕಿಯಲ್ಲಿ ಹಸಿರು ಅಂಕಿಗಳು ಓಡುತ್ತಿದ್ದವು, ಅವನು ಅವನ್ನು ನೋಡಿದ, ಆಮೇಲೆ ನನ್ನ ಮುಖ ನೋಡಿದ. ಹೀಗೆಂದು ನನಗೆ ಚೆನ್ನಾಗಿ ನೆನಪಿದೆ. ಆ ಪ್ಲೇಯರಿಗೆ ಕಿಟಕಿಯೇ ಇರಲಿಲ್ಲ, ಅವರು ನೋಡಿದ್ದು ನಿಮ್ಮನ್ನಲ್ಲ, ನನ್ನನ್ನು ಎಂದು ಅವನ ಹೆಂಡತಿ ಹೇಳುತ್ತಾಳೆ. ಭಾವನ ಪ್ರಕಾರ ಅವನು ಯಾರನ್ನೂ ನೋಡಲಿಲ್ಲ, ಎದ್ದು ಹೋಗಿ ಕೈ ತೊಳೆದ. ಅಂಕಿಗಳನ್ನು ನಾನು ಬೇರೆ ಎಲ್ಲಿಂದಲೋ ತಂದು ಇಲ್ಲಿ ಅಂಟಿಸಿರಬಹುದು. ಮೂವರೂ ಒಪ್ಪುವುದು ಆ ಪ್ರಶ್ನೆಯನ್ನು ಮಾತ್ರ.

ಮಂಗಳೂರಿನ ವೈದ್ಯರು ನರ ಸತ್ತಿದೆ ಎಂದರು. ಸತ್ತದ್ದು ಹಿಂದೆ ಬರುವುದಿಲ್ಲ, ಉಳಿದದ್ದನ್ನು ಕಾಪಾಡಬೇಕಿದ್ದರೆ ಲೌಡ್‌ಸ್ಪೀಕರಿನಿಂದ ದೂರ ಇರಬೇಕು ಎಂದರು. ಕಿವಿಗೆ ಒಂದು ಯಂತ್ರ ಕೊಟ್ಟರು. ಅದನ್ನು ಹಾಕಿಕೊಂಡರೆ ತಟ್ಟೆ ಇಟ್ಟ ಸದ್ದೂ ಬಾಂಬಿನ ಹಾಗೆ ಎಂದು ತೆಗೆದು ಕಪಾಟಿನಲ್ಲಿಟ್ಟ. ಬೆಳ್ತಂಗಡಿಯವನು ಸೆಟ್ಟನ್ನು ಕೊಳ್ಳಲು ಬಂದಾಗ ಕೂರಲಿಕ್ಕೂ ಹೇಳಲಿಲ್ಲ.

ನನ್ನನ್ನು ಕರೆದ.

"ಈ ಸೀಸನ್ ಒಂದು ನನ್ನ ಒಟ್ಟಿಗೆ ಕೂತುಕೋ. ಶನಿವಾರ ಆದಿತ್ಯವಾರ ಸಾಕು. ಸಪೂರ ಮೇಲೆ ಹೋಯ್ತಾ, ಎಡಗೈ ಎತ್ತು. ಕೆಳಗೆ ಬಂತಾ, ಮೊಣಕಾಲು ಮುಟ್ಟು. ಯಾರಿಗೂ ಗೊತ್ತಾಗುವುದಿಲ್ಲ. ಮಾಷ್ಟ್ರಿಗೆ ಮರುಳು, ಮೈಕ್ ನೋಡ್ಲಿಕ್ಕೆ ಬರ್ತಾರೆ ಅಂತ ಜನ ಹೇಳ್ತಾರೆ. ಅದು ಹೇಗೂ ಈಗಲೂ ಹೇಳ್ತಾರೆ."

ಕೂತೆ. ಆಂಪ್ಲಿಫೈಯರಿನ ಪಕ್ಕದ ಕಬ್ಬಿಣದ ಕುರ್ಚಿ, ಎಡಕ್ಕೆ ತಲೆಯ ಎತ್ತರಕ್ಕೆ ಹಾರ್ನುಗಳ ಜೋಡಿ. ಟೇಪು ಹಾಕುವುದನ್ನು ಅವನು ಬಿಟ್ಟಿದ್ದ. ಈಗ ನಾನೇ ಟೇಪು. ಕೈ ಎತ್ತಿದೆ, ಮೊಣಕಾಲು ಮುಟ್ಟಿದೆ, ಅವನ ಬೆರಳು ಕೂದಲಿನಷ್ಟು ತಿರುಗಿತು. ದೂರುಗಳು ನಿಂತವು. ನೆರಿಯದವರು ಮತ್ತೆ ಕರೆದರು. ಬೆಳ್ತಂಗಡಿಯವನ ಕೆಂಪು ದೀಪಗಳಿಗಿಂತ ಹಳೆಯ ಬ್ಯಾರಿಯ ಕಿವಿಯೇ ಮೇಲು ಎಂದು ಯಾರೋ ಹೊಗಳಿದ್ದು ಅಂಗಡಿಯವರೆಗೂ ಬಂತು. ಅವನ ಹೆಂಡತಿ ನನಗೆ ಮೀನಿನ ಸಾರು ಕಳಿಸತೊಡಗಿದಳು. ನಾವು ಮೂವರೂ ಗೆದ್ದೆವು ಎಂದೇ ಅಂದುಕೊಂಡೆವು. ಆ ವಾರಗಳು ಸಂತೋಷದವು ಎಂದು ಬರೆಯಬಹುದು. ಬರೆದರೆ ಸುಳ್ಳಾಗದು.

ಶಿರ್ತಾಡಿಯ ಒಂದು ಮದುವೆ ಹಾಲಿನಲ್ಲಿ, ಮಧ್ಯಾಹ್ನ, ಊಟದ ಮೊದಲ ಪಂಕ್ತಿ ಕೂತಿತ್ತು. ಮೈಕಿನಲ್ಲಿ ಯಾರೋ ಉಡುಗೊರೆ ಕೊಟ್ಟವರ ಹೆಸರು ಓದುತ್ತಿದ್ದರು, ನಡುವೆ ಸಿನಿಮಾ ಹಾಡು. ನಾನು ಎಡಗಿವಿಯನ್ನು ಬೆರಳಿನಿಂದ ಒತ್ತಿ ಬಿಡುತ್ತಿದ್ದೆ. ಅವನು ಅದನ್ನು ಸಂಜ್ಞೆ ಎಂದುಕೊಂಡು ಗುಬ್ಬಿಗೆ ಕೈ ಹಾಕಿದ. ನಾನು ತಲೆಯಾಡಿಸಿದೆ. ಅವನು ಬಾಗಿದ.

"ಎಂತ ಆಯ್ತು ಕಿವಿಗೆ?"

"ಏನಿಲ್ಲ. ಒಳಗೆ ಒಂದು ಜೀರುಂಡೆ ಕೂತ ಹಾಗೆ."

"ಯಾವಾಗಿಂದ?"

"ಹೋದ ವಾರದ್ದು."

"ಬೆಳಗ್ಗೆ ಏಳುವಾಗ ಉಂಟಾ?"

"ಉಂಟು."

ಅವನು ನೆಟ್ಟಗಾದ. ಹಾಲಿನ ಆಚೆ ಬದಿಗೆ, ಬಡಿಸುವವರ ಕಡೆಗೆ ನೋಡುತ್ತ ನಿಂತ. ನನ್ನತ್ತ ತಿರುಗದೆ ಹೇಳಿದ.

"ನನಗೆ ಸುರುವಿಗೆ ಬೆಳಗ್ಗೆ ಆಗುವಾಗ ಹೋಗ್ತಿತ್ತು."

ಆ ಜೀರುಂಡೆಯ ವಿಷಯವನ್ನು ಅವನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ, ವೈದ್ಯರಿಗೂ. ನಾನು ಏನಾದರೂ ಕೇಳುವ ಮೊದಲು ಅವನು ಕೈ ಚಾಚಿ ಆಂಪ್ಲಿಫೈಯರಿನ ಮುಖ್ಯ ಸ್ವಿಚ್ಚನ್ನು ಕೆಳಗೆ ಒತ್ತಿದ. ಹೆಸರು ಓದುತ್ತಿದ್ದವರ ಬಾಯಿ ಮಾತ್ರ ಆಡಿತು.

ಮದುಮಗಳ ಮಾವ ಎಲೆಯ ಮುಂದಿನಿಂದ ಎದ್ದು ಬಂದರು. "ಎಂತ ಬ್ಯಾರಿಗಳೇ, ಕರೆಂಟ್ ಹೋಯ್ತಾ?"

"ಕರೆಂಟ್ ಉಂಟು. ಮೈಕ್ ಇಲ್ಲ."

"ಇನ್ನು ಎರಡು ಪಂಕ್ತಿ ಉಂಟು ಮಾರಾಯ್ರೇ!"

"ಉಣ್ಣಲಿಕ್ಕೆ ಮೈಕ್ ಎಂತಕ್ಕೆ ಯಜಮಾನ್ರೇ? ಬಾಯಿ ಸಾಕು. ಬೇಕಾದರೆ ಬೆಳ್ತಂಗಡಿಗೆ ಫೋನ್ ಮಾಡಿ, ಅವ ಬರ್ತಾನೆ. ಒಳ್ಳೆ ದೀಪ ಉಂಟು ಅವನಲ್ಲಿ."

ಅವರು ಬೈದರು. ಇನ್ನಿಬ್ಬರು ಸೇರಿಕೊಂಡರು. ಅವನು ಸ್ಟೂಲ್ ಹತ್ತಿ ಹಾರ್ನ್ ಬಿಚ್ಚಿದ, ವೈರನ್ನು ಮೊಣಕೈಗೂ ಹೆಬ್ಬೆರಳಿಗೂ ಸುತ್ತತೊಡಗಿದ. ನಾನು ಸಹಾಯಕ್ಕೆ ಎದ್ದರೆ ಕಣ್ಣಿನಲ್ಲೇ ಗದರಿಸಿ ಕೂರಿಸಿದ. ಮರುವಾರ ಸೆಟ್ಟು ಬೆಳ್ತಂಗಡಿಗೆ ಹೋಯಿತು. ಆಮೇಲೆ ಅವನು ಯಾವ ಅಂಗಳದಲ್ಲೂ ಮೈಕ್ ಕಟ್ಟಲಿಲ್ಲ.

ಎಲ್ಲ ಆಫ್ ಆದ ಮೇಲೆ ಆ ಹಾಲಿನಲ್ಲಿ ಬಡಿಸುವ ಸೌಟಿನ ಸದ್ದು, ಮಕ್ಕಳ ಮಾತು, ಫ್ಯಾನಿನ ಗರಗರ ಎಲ್ಲ ಇರಬೇಕಿತ್ತು. ಇತ್ತೆಂದೇ ತೋರುತ್ತದೆ. ನನ್ನ ಎಡಗಿವಿಗೆ ಜೀರುಂಡೆ ಮಾತ್ರ ಇನ್ನಷ್ಟು ಸ್ಪಷ್ಟವಾಗಿ ಕೇಳಿತು.